ಸೋರದ ಓಡು, ಸೋರದ ಓಡ

ನರಿಕೊಂಬಿನ ಹೊಳೆಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಾರಿಜಾಕ್ಷಿ ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೀರಿನಲ್ಲಿ ನೆನೆಹಾಕಿದ್ದ ಅಡಿಕೆ ಹಾಳೆಗಳನ್ನು ಒಂದೊಂದಾಗಿ ಎತ್ತಿ ಕೊಡಹುತ್ತಿದ್ದಾರೆ. "ಒಣಗಿದ್ದನ್ನು ಬಗ್ಗಿಸಿದ್ರೆ ಫಟ್ ಅಂತ ಒಡೀತದೆ. ಇವತ್ತು ಶನಿವಾರ ಅಲ್ವಾ, ಮಕ್ಕಳು ಕಾಯ್ತಾ ಇರ್ತಾರೆ" ಎನ್ನುತ್ತಾರೆ.

ದಾಖಲೆಯಲ್ಲಿ ಅವರು ಹೊಲಿಗೆ ಟೀಚರ್. 1976ರಿಂದ, ಅಂದರೆ ಇಪ್ಪತ್ತು ವರ್ಷದಿಂದ, ಇದೇ ಪ್ರಾಥಮಿಕ ಶಾಲೆ. ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಅವರದೇ ಇನ್ನೊಂದು ತರಗತಿ ನಡೆಯುತ್ತದೆ. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಸುಮ್ಮನೆ ಕೂರಲಾಗದೆ ಪೆಟ್ಟು ತಿನ್ನುವ ಚುರುಕು ಮಕ್ಕಳಿಗೆಂದೇ ಇದು. ಹಾಳೆ, ತೆಂಗಿನ ಗೆರಟೆ, ಕಡ್ಡಿ ಮುಂದಿಟ್ಟು ಒಂದು ಸಮಸ್ಯೆ ಹೇಳುತ್ತಾರೆ, ದಾರಿ ಮಾತ್ರ ಹೇಳುವುದಿಲ್ಲ. ಇಷ್ಟೆಲ್ಲ ಮಾಡಿದ್ದಕ್ಕೆ ಯಾರೂ ಅವರಿಗೆ ಒಂದು ಹೂವನ್ನೂ ಕೊಟ್ಟಿಲ್ಲ. ಅವರ ಬಗ್ಗೆ ಬರೆಯಲು ಬಂದ ನನಗೆ ಸಿಟ್ಟು ಬರುವುದೇ ಅದಕ್ಕೆ.

ಹೋದ ಮಳೆಗಾಲದಲ್ಲಿ ಟೀಚರ್ "ಹಾಳೆಯಲ್ಲಿ ಸೋರದ ಓಡು ಮಾಡಿ ತನ್ನಿ" ಎಂದರು. ಓಡೆಂದರೆ ಮಾಡಿಗೆ, ಅಂದರೆ ಚಾವಣಿಗೆ ಹೊದಿಸುವ ಹಂಚು. ನಾಲ್ಕನೆಯ ತರಗತಿಯ ಜುಲೈಕಾ ತಂದದ್ದು ದೋಣಿ! ಇಲ್ಲಿಯ ಆಡುಮಾತಾದ ತುಳುವಿನಲ್ಲಿ ದೋಣಿಗೆ ಓಡ ಎನ್ನುತ್ತಾರೆ, ಅವಳಿಗೆ ಕೇಳಿಸಿದ್ದೂ ಹಾಗೆಯೇ. ಜಗಲಿ ಇಡೀ ಹೋ ಎಂದು ನಕ್ಕಿತು. ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಕನ್ನಡ ಬಾರದವಳಿಗೆ ಶಾಲೆ ಯಾಕೆ ಎಂದು ಹಠ ಹಿಡಿದು ಮನೆಯಲ್ಲೇ ಕೂತಿದ್ದಳಂತೆ.

"ನನಗೆ ಊಟ ಸೇರ್ಲಿಲ್ಲ ಮಾರಾಯ್ರೆ. ಅಷ್ಟು ಬುದ್ಧಿ ಉಂಟು ಆ ಮಗುವಿಗೆ. ನನ್ನ ಒಂದು ಮಾತಿಂದ ಶಾಲೆಯೇ ಬಿಟ್ರೆ?" ಎನ್ನುತ್ತಾರೆ ಟೀಚರ್.

ಆ ದೋಣಿಯನ್ನೂ ಉಳಿದವರ ಓಡುಗಳನ್ನೂ ಹೊತ್ತು ಟೀಚರ್ ಜುಲೈಕಾಳ ಮನೆಗೇ ಹೋದರು. ಅಂಗಳದಲ್ಲಿ ಎಲ್ಲಕ್ಕೂ ನೀರು ಹೊಯ್ದರು. ಹೊಲಿದು ಮಾಡಿದ ಓಡುಗಳೆಲ್ಲ ಸೂಜಿಯ ತೂತಿನಲ್ಲಿ ತೊಟ್ಟಿಕ್ಕಿದವು. ದೋಣಿ ಒಂದು ಹನಿಯನ್ನೂ ಬಿಡಲಿಲ್ಲ. ಅವಳು ಹೊಲಿದೇ ಇರಲಿಲ್ಲ, ಮೂಲೆಗಳನ್ನು ಮಡಚಿ ಮೇಲಂಚಿಗೆ ಕಡ್ಡಿ ಸಿಕ್ಕಿಸಿದ್ದಳು.

"ಅವರಿಗೆಲ್ಲ ಹೊಲಿಗೆ ಕಲಿಸಿದ್ದು ನಾನೇ ಅಲ್ವಾ!" ಟೀಚರ್ ಈಗಲೂ ಬಿದ್ದು ಬಿದ್ದು ನಗುತ್ತಾರೆ. "ಶನಿವಾರ ಬಾ ಮಗಾ, ಮಡಚುವುದು ಹೇಗೇಂತ ನಮಗೂ ಕಲಿಸು ಅಂದೆ."

ಜುಲೈಕಾ ಬಂದಳು, ಕಲಿಸಿದಳು. ಹಾಗೆ ಮಡಚಿದ ಓಡುಗಳೇ ಈಗ ಶಾಲೆಯ ಕುಡಿಯುವ ನೀರಿನ ಕೊಡದ ಮೇಲಿನ ಮಾಡು. "ಟೀಚರ್ ನಮ್ಮ ಬಾಗಿಲಿಗೆ ಬಂದ್ರಲ್ಲ, ಆ ಉಪಕಾರ ನಾವು ಮರೆಯುದಿಲ್ಲ" ಎನ್ನುತ್ತಾರೆ ಅವಳ ತಾಯಿ ಬೀಫಾತಿಮಾ.

ಏನಾದರೂ ಆಸೆ ಉಂಟಾ ಎಂದು ಟೀಚರನ್ನು ಕೇಳುತ್ತೇನೆ. ಹಾಳೆಯ ಕಟ್ಟನ್ನು ಹೆಗಲಿಗೇರಿಸಿ ಹೊರಟವರು ತಿರುಗಿ ನಿಲ್ಲುತ್ತಾರೆ.

"ದೊಡ್ಡದೇನಿಲ್ಲ. ಈಗ ನಾನು 'ಓಡ್' ಅಂತ ಅರ್ಧವೇ ಹೇಳ್ತೇನೆ. ಯಾರಿಗೆ ಯಾವುದು ಕೇಳಿಸ್ತದೋ ಅದನ್ನೇ ಮಾಡ್ಲಿ. ಸೋರಬಾರದು, ಅಷ್ಟೇ."