ಬಾಣಂತಿ ಹೊರಸಿನ ಮೇಲಿನ ಮೈಕ್ ಸೆಟ್ಟು

ಮೊಮ್ಮಗಳು ಹಡೆದಿದ್ದಾಳೆ. ನಿನ್ನೆ ಆಸ್ಪತ್ರೆಯಿಂದ ಕರೆದುಕೊಂಡು ಬಂದರು. ಹೊರಸಿನ ಮೇಲೆ ಅವಳನ್ನು ಮಲಗಿಸಿ, ಕೆಳಗೆ ಕೆಂಡದ ಅಗ್ಗಿಷ್ಟಿಕೆ ಸರಿಸಿ, ಅದರ ಮೇಲೆ ಲೋಬಾನ, ಅಜಿವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದರು. ಆ ಹೊಗೆ ನಡುಮನೆಗೆ ಬಂದದ್ದೇ ತಡ, ನಾನು ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ಅಜ್ಜಿಗೆ ಹೊಗೆ ಆಗಿಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಅಂದುಕೊಳ್ಳಲಿ. ಆ ಕಾಲದ ಮಾತನ್ನು ಹಸಿ ಬಾಣಂತಿಯ ಮುಂದೆ ಹೇಗೆ ಹೇಳುವುದು...

ನಾನು ಚಿತ್ತವಾಡ್ಗಿಗೆ ಸೊಸೆಯಾಗಿ ಬಂದಾಗ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಎದುರುಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಅವಳ ಗಂಡನ ಹತ್ತಿರ ಮೈಕ್ ಸೆಟ್ಟು ಇತ್ತು. ಒಂದು ಗ್ರಾಮಫೋನು, ಅದರ ಹಾಡನ್ನು ಊರಿಗೆಲ್ಲ ಕೇಳುವಷ್ಟು ದೊಡ್ಡದು ಮಾಡುವ ಕಬ್ಬಿಣದ ಪೆಟ್ಟಿಗೆ, ಮಾಳಿಗೆಯ ಮೇಲೆ ಕಟ್ಟುವ ಕಹಳೆ, ಮೋಟಾರಿನ ಬ್ಯಾಟರಿ. ಸುತ್ತಲಿನ ಊರುಗಳ ಮದುವೆಗೆಲ್ಲ ಅವನೇ ಬೇಕು. ಪೆಟ್ಟಿಗೆಯೊಳಗೆ ಗಾಜಿನ ಬಲ್ಬುಗಳು ಕೆಂಪಗೆ ಕಾದಮೇಲೆಯೇ ಹಾಡು ಬರುತ್ತಿತ್ತು. ಆ ಪೆಟ್ಟಿಗೆಯನ್ನು ಅವನು ದಿನಾ ರೇಷ್ಮೆ ಬಟ್ಟೆಯಿಂದ ಒರೆಸುತ್ತಿದ್ದ. ಅದೇ ಕೈಯಿಂದ ಹೆಂಡತಿಯನ್ನು ಬಡಿಯುತ್ತಿದ್ದ.

ಬಡಿಯುವುದಕ್ಕೆ ಕಾರಣ ಬೇಕಿರಲಿಲ್ಲ. ರೊಟ್ಟಿ ಆರಿದ್ದರೆ ಏಟು, ಬಿಸಿಯಿದ್ದರೂ ಏಟು. ಮಕ್ಕಳಾಗಲಿಲ್ಲವೆಂದು ಒಂದಿಷ್ಟು ಹೆಚ್ಚು. ನಾನು ಬರುವ ಮೊದಲೇ ಒಂದು ಏಟಿಗೆ ಅವಳ ಎಡಗಿವಿ ಹೋಗಿತ್ತು. ಅವಳೊಡನೆ ಮಾತಾಡಬೇಕಾದರೆ ನಾವು ಸುತ್ತಿ ಬಂದು ಬಲಗಡೆ ನಿಲ್ಲುತ್ತಿದ್ದೆವು. ಅದು ಓಣಿಗೆಲ್ಲ ರೂಢಿಯಾಗಿಬಿಟ್ಟಿತ್ತು. ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ದಿನ ಬೆಳಿಗ್ಗೆ ಅವನು ಹೊಸ ಹಾಡಿನ ಪ್ಲೇಟುಗಳನ್ನು ತರಲು ಸಂಡೂರಿಗೆ ಹೋದ. ಮರುದಿನ ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರ ಮನೆ ಮದುವೆ. ಅವನು ಹೋಗಿ ಸ್ವಲ್ಪ ಹೊತ್ತಿಗೇ ಅಕ್ಕ ಓಡಿಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕುಳಿತಳು. ಸೀರೆಯೆಲ್ಲ ಮಜ್ಜಿಗೆ.

"ತಂಗಿ, ನೆಲವು ಹರಕೊಂಡು ಬಿತ್ತು. ಸೆಟ್ಟಿನ ಮ್ಯಾಲೆ. ಇವತ್ತ ಅಂವ ನನ್ನ ಕೊಂದ ಬಿಡ್ತಾನ" ಅಂದಳು.

ಮಜ್ಜಿಗೆ ಗಡಿಗೆ ಇಡಲು ಜಂತಿಗೆ ತೂಗುಹಾಕಿದ ನೆಲವಿನ ಹಗ್ಗವನ್ನು ಇಲಿ ಕಡಿದಿತ್ತು. ಅದರ ಕೆಳಗೆ ಪೆಟ್ಟಿಗೆ ಇಟ್ಟವನು ಅವನೇ. ಆದರೆ ಅದನ್ನು ಅವನಿಗೆ ಹೇಳುವವರು ಯಾರು? ಗಡಿಗೆ ಒಡೆದು, ಉಪ್ಪು ಹಾಕಿದ ಹುಳಿ ಮಜ್ಜಿಗೆ ಪೆಟ್ಟಿಗೆಯ ಸಂದುಗಳಲ್ಲೆಲ್ಲ ಇಳಿದು ಹೋಗಿತ್ತು. ಅವನು ಪೆಟ್ಟಿಗೆ ಬಿಚ್ಚುವಾಗ ಎಲ್ಲಕ್ಕಿಂತ ಮೊದಲು ಬ್ಯಾಟರಿಯ ತಂತಿ ಕೀಳುತ್ತಾನೆ ಎಂಬುದೊಂದು ಅಕ್ಕನಿಗೆ ಗೊತ್ತಿತ್ತು. ಅದನ್ನು ಕಿತ್ತಿದ್ದಳು. ಮುಂದಿನದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನನ್ನ ಅತ್ತೆ ಓಣಿಯ ಬಾಣಂತಿಯರನ್ನೆಲ್ಲ ಎರೆದು ಕಾಯಿಸಿದ ಹೆಂಗಸು. ಬಂದು ನೋಡಿ, "ಅಳಬ್ಯಾಡ, ಏಳು. ಹಸಿ ಮೈ ಆರಿಸೋದು ನನಗೇನು ಹೊಸಾದಲ್ಲ" ಅಂದರು.

ನಾದಿನಿಯ ಬಾಣಂತನದ ಹೊರಸು ಇನ್ನೂ ನಮ್ಮ ಹಿತ್ತಲಿನ ಕೋಣೆಯಲ್ಲೇ ಇತ್ತು. ಪೆಟ್ಟಿಗೆಯ ಮುಚ್ಚಳ ತೆಗೆದೆವು. ಬಲ್ಬುಗಳನ್ನು ಒಂದೊಂದಾಗಿ ಕಿತ್ತು, ಯಾವುದು ಯಾವ ತೂತಿನದೆಂದು ಮರೆಯದಂತೆ ಒಂದಕ್ಕೆ ಅರಿಶಿಣ, ಒಂದಕ್ಕೆ ಕುಂಕುಮ, ಒಂದಕ್ಕೆ ಕಾಡಿಗೆ ಚುಕ್ಕೆ ಇಟ್ಟು, ಮೊರದಲ್ಲಿ ಅರಳೆ ಹಾಸಿ ಮಲಗಿಸಿದೆವು. ಒದ್ದೆ ಬಟ್ಟೆಯಿಂದ ಮಜ್ಜಿಗೆಯ ಜಿಡ್ಡು ತೆಗೆದು, ಒಣ ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯನ್ನು ಹೊರಸಿಗೇರಿಸಿದೆವು. ಕೆಳಗೆ ಹದವಾದ ಕೆಂಡ. ಮಗುವಿನ ತಲೆ ಆರಿಸಿದ ಹಾಗೆ ಅತ್ತೆ ಅದನ್ನು ಮಗ್ಗುಲು ಬದಲಿಸಿ ಬದಲಿಸಿ ಕಾಯಿಸಿದರು. ಮಾತಾಡುತ್ತಲೇ ಗೂಡಿಗೆ ಕೈಹಾಕಿ, ವರ್ಷಾನುಗಟ್ಟಲೆ ಮಾಡಿದ ರೂಢಿ ನೋಡಿ, ಲೋಬಾನ ಅಜಿವಾನವನ್ನೂ ಕೆಂಡದ ಮೇಲೆ ಉದುರಿಸಿಬಿಟ್ಟರು. ಮೂವರಲ್ಲಿ ಒಬ್ಬರಿಗೂ ಅದು ತಪ್ಪು ಅನ್ನಿಸಲಿಲ್ಲ. ನಾನಂತೂ ನಕ್ಕುಬಿಟ್ಟೆ. ಅಕ್ಕನೂ ನಕ್ಕಳು, ಆ ದಿನದಲ್ಲಿ ಅದೊಂದೇ ಸಲ.

ಸಂಜೆ ಅವನು ಬರುವ ಮೊದಲೇ ಎಲ್ಲವನ್ನೂ ಮೊದಲಿನಂತೆ ಕೂಡಿಸಿ ತಂತಿ ಸಿಕ್ಕಿಸಿದೆವು. ಬಲ್ಬುಗಳು ಮೆಲ್ಲಗೆ ಕೆಂಪಾದವು. ಅಕ್ಕ ಬಲಗಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕುಳಿತಳು. ಒಳಗೆ ಗುಂಯ್ ಎಂದು ಸದ್ದು ಬಂದಾಗ ನನ್ನ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಜೀವ ಉಳಿಯಿತು ಎಂದೇ ನಾವು ಅಂದುಕೊಂಡೆವು...

ಕಂಪ್ಲಿಯ ಮದುವೆಯಲ್ಲಿ ಸೆಟ್ಟು ಚೆನ್ನಾಗಿಯೇ ಹಾಡಿತಂತೆ. ಆದರೆ ಬಲ್ಬುಗಳು ಕಾದ ಹಾಗೆಲ್ಲ ಪೆಟ್ಟಿಗೆಯ ಸಂದುಗಳಿಂದ ಬಾಣಂತಿ ಕೋಣೆಯ ವಾಸನೆ ಹೊರಟು ಚಪ್ಪರವೆಲ್ಲ ತುಂಬಿತು. ಬೀಗರಲ್ಲಿ ಯಾರೋ ಮೂಗು ಹಿಡಿದು, ಹೆಂಡತಿ ಹಡೆಯಲಿಲ್ಲ, ಸೆಟ್ಟು ಹಡೆದಿದೆ ನೋಡಿ ಎಂದರಂತೆ. ಊಟದ ಪಂಕ್ತಿ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತಂತೆ. ಯಾರೋ ಹೋಗಿ ಪೆಟ್ಟಿಗೆಗೆ ಉಡಿ ತುಂಬಿದರಂತೆ.

ಮರುದಿನ ಇಳಿಹೊತ್ತಿಗೆ ಅವನು ಬಂದ. ಕೂಗಾಟ ಕೇಳಿ ನಾನೂ ಅತ್ತೆಯೂ ಓಡಿದೆವು. ನಾವು ಹೊಸ್ತಿಲು ದಾಟುವಷ್ಟರಲ್ಲಿ ಅವನು ಅಕ್ಕನ ತುರುಬು ಹಿಡಿದು ಗೋಡೆಗೆ ಅಪ್ಪಳಿಸಿ, ಗ್ರಾಮಫೋನಿಗೆ ಕೀ ಕೊಡುವ ಕಬ್ಬಿಣದ ಹಿಡಿಯಿಂದ ಬೀಸಿ ಹೊಡೆದ. ಅದು ಬಿದ್ದದ್ದು ಬಲಗಿವಿಯ ಮೇಲೆ. ಕಿವಿಯಿಂದ ರಕ್ತ ಇಳಿದು ಕುಪ್ಪಸ ತೋಯಿತು. ಅತ್ತೆ ಅವಳ ಹೆಸರು ಹಿಡಿದು ಕೂಗಿದರು. ಅವಳು ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

ನಾಟಕ ಮಾಡುತ್ತಾಳೆ ಎಂದ ಆ ಹಾಳಾದವ. ಈಗ ಕೇಳಿಸುತ್ತದೆ ನೋಡು ಎಂದು ತಂತಿ ಸಿಕ್ಕಿಸಿ, ಬಲ್ಬುಗಳು ಕಾಯುವವರೆಗೆ ಬೈಯುತ್ತಾ ನಿಂತು, ಕಹಳೆಯನ್ನು ಅವಳ ಮುಖಕ್ಕೇ ತಿರುಗಿಸಿ ಪ್ಲೇಟು ಹಚ್ಚಿದ. ಗೋಡೆಯ ಮಣ್ಣು ಉದುರುವಂಥ ಸದ್ದು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅಕ್ಕನ ಕಣ್ಣರೆಪ್ಪೆಯೂ ಅಲುಗಲಿಲ್ಲ. ಅವಳು ಮೆಲ್ಲಗೆ ಕೈ ಚಾಚಿ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಅದರ ನಡುಕ ಕೈಗೆ ತಾಗಿರಬೇಕು.

"ಹಾಡಾಕತ್ತೈತೇನ, ತಂಗಿ?" ಎಂದು ನನ್ನನ್ನು ಕೇಳಿದಳು.

ನಾನು ಹೌದೆಂದು ತಲೆಯಾಡಿಸಿದೆ. ಅವಳು ಎದ್ದು, ಮೂಲೆಯಲ್ಲಿದ್ದ ತುಂಬಿದ ಬಿಂದಿಗೆಯನ್ನು ಎತ್ತಿ, ಅಷ್ಟೂ ನೀರನ್ನು ಪೆಟ್ಟಿಗೆಯ ಮೇಲೆ ಸುರಿದಳು. ಕಾದ ಬಲ್ಬುಗಳು ಪಟಪಟನೆ ಒಡೆದವು. ಹಾಡು ನಿಂತಿತು.

"ಇನ್ನ ಅದೂ ನನ್ನಂಗ" ಅಂದಳು.

ಅವನು ಹಿಡಿ ಎತ್ತಿಕೊಂಡು ಮುನ್ನುಗ್ಗಿದ. ಬಾಗಿಲ ಮೂಲೆಯ ಒನಕೆ ಅಷ್ಟರಲ್ಲಿ ಅತ್ತೆಯ ಕೈಗೆ ಬಂದಿತ್ತು. ಅವನ ಮುಂಗೈ ಮೂಳೆ ಲಟಕ್ಕೆಂದದ್ದು ನನಗೆ ಚೆನ್ನಾಗಿ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಅವನು ನೆಲಕ್ಕೆ ಬಿದ್ದು ಚೀರುವಾಗ ಓಣಿಯ ಗಂಡಸರು ಬಾಗಿಲಲ್ಲೇ ನಿಂತಿದ್ದರು. ಅವರು ಅವಳು ಚೀರಿದ ದಿನಗಳಲ್ಲೂ ಹಾಗೆಯೇ ನಿಂತಿರುತ್ತಿದ್ದರು.

ಅಕ್ಕ ಕೆಲವು ದಿನ ನಮ್ಮ ಮನೆಯಲ್ಲಿದ್ದಳು. ಅತ್ತೆ ಅವಳನ್ನು ಅದೇ ಹೊರಸಿನ ಮೇಲೆ ಮಲಗಿಸಿ, ಕಿವಿಗೆ ಎಣ್ಣೆ ಬಿಟ್ಟು ಕಾಯಿಸಿದರು. ಏನೂ ಆಗಲಿಲ್ಲ. ಆಮೇಲೆ ಅವಳ ಅಣ್ಣ ತವರು ಕುರೆಕುಪ್ಪದಿಂದ ಬಂಡಿ ತಂದು ಕರೆದುಕೊಂಡು ಹೋದ. ಬಂಡಿ ತಿರುವಿಗೆ ಹೋಗುವವರೆಗೆ ನಾನು ಹೋಗಿ ಬಾ ಅಕ್ಕ ಎಂದು ಕೂಗುತ್ತಲೇ ಇದ್ದೆ. ಅವಳ ಬೆನ್ನು ನನ್ನ ಕಡೆಗಿತ್ತು...

ಮುಂದಿನ ಬೇಸಿಗೆಯಲ್ಲಿ ಸುದ್ದಿ ಬಂತು. ಹೊಲಕ್ಕೆ ಬುತ್ತಿ ಒಯ್ಯುವಾಗ ರೈಲು ಹಳಿ ದಾಟುತ್ತಿದ್ದಳಂತೆ. ಡ್ರೈವರ್ ದೂರದಿಂದಲೇ ಸೀಟಿ ಹೊಡೆದನಂತೆ. ರೈಲಿಗೆ ಸಿಕ್ಕು ಸತ್ತಳು ಎಂದು ಓಣಿಯವರೆಲ್ಲ ಅಂದರು. ನಾನು ಇವತ್ತಿಗೂ ಹಾಗೆ ಅನ್ನುವುದಿಲ್ಲ.

ಹಿತ್ತಲಿನಿಂದ ಒಳಗೆ ಬರುವಷ್ಟರಲ್ಲಿ ಹೊಗೆ ಇಳಿದಿತ್ತು. ಮೊಮ್ಮಗಳು ಕಣ್ಣು ಮುಚ್ಚಿ ಮಲಗಿದ್ದಳು. ಗಂಡ ಹೇಗೆ ನೋಡಿಕೊಳ್ಳುತ್ತಾನೆ, ಕೈ ಎತ್ತುತ್ತಾನೇನು ಎಂದು ಕೇಳಬೇಕಿತ್ತು ನನಗೆ. ನಾನು ನಿಂತದ್ದು ಅವಳ ಎಡಗಡೆಗೆ, ಅಲ್ಲಿಂದಲೇ ಕೇಳಬಹುದಿತ್ತು. ಹೊರಸನ್ನು ಸುತ್ತಿ, ಗೋಡೆಯ ಸಂದಿಯಲ್ಲಿ ತೂರಿ, ಬಲಗಡೆಗೆ ಬಂದು ಅವಳ ಕಿವಿಯ ಹತ್ತಿರ ಬಗ್ಗಿದೆ.