ಎಂಟು ಹುಣಸೆ ಬೀಜ

ಮೊನ್ನೆ ಹೊಸ ಹುಣಸೆಹಣ್ಣು ಬಿಡಿಸಲು ಕುಳಿತಿದ್ದೆ. ಬೀಜಗಳು ಸ್ಟೀಲಿನ ತಟ್ಟೆಗೆ ಟಕ್ ಟಕ್ ಎಂದು ಬೀಳುತ್ತಿದ್ದವು. ಆ ಸದ್ದಿಗೆ ಕೈ ನಿಂತಿತು. ನಮ್ಮ ಕಚೇರಿಯ ಚಾಚಾ ನೆನಪಾದರು...

ಕಾಲುವೆಗೆ ನೀರು ಬಂದ ಹೊಸದು. ಶಹಾಪುರದ ಹೊರಗೆ ನೀರಾವರಿ ಇಲಾಖೆಯ ಒಂದು ಸಣ್ಣ ಕಚೇರಿಯಲ್ಲಿ ನಾನು ಕ್ಲರ್ಕ್ ಆಗಿದ್ದೆ. ಹಿತ್ತಲಿನಲ್ಲಿ ಅಗಲವಾದ ತಗಡಿನ ತೊಟ್ಟಿ, ಹಕ್ಕಿ ಕುಡಿಯದಂತೆ ಮೇಲೆ ಜಾಲರಿ. ಬಿಸಿಲಿಗೂ ಗಾಳಿಗೂ ದಿನಕ್ಕೆ ಎಷ್ಟು ನೀರು ಆರಿಹೋಗುತ್ತದೆ ಎಂದು ಅದರಲ್ಲಿ ಅಳೆಯುತ್ತಿದ್ದೆವು. ದಿನಗೂಲಿಯ ಚಾಚಾ ಬೆಳಿಗ್ಗೆ ಅಳತೆಯ ಡಬ್ಬಿಯಿಂದ ನೀರು ಹಾಕಿ, ಒಳಗಿನ ಮೊಳೆಯ ತುದಿಯವರೆಗೆ ಮತ್ತೆ ತುಂಬಿಸುವರು. ಅವರಿಗೆ ಬರೆಯಲು ಬಾರದು. ಒಂದು ಡಬ್ಬಿಗೆ ಒಂದು ಹುಣಸೆ ಬೀಜ ಜೇಬಿಗೆ. ಅರ್ಧ ಡಬ್ಬಿಗೆ ಒಡೆದ ಬೀಜ. ಆಮೇಲೆ ಬಂದು ನನ್ನ ಮೇಜಿನ ಮೇಲೆ ಸುರಿಯುವರು, ನಾನು ಎಣಿಸಿ ಬರೆಯುವೆ. ಬೀಜ ಹೆಚ್ಚಾದ ದಿನ, "ನಿನ್ನಿ ಗಾಳಿಗಿ ಭಾಳ ನೀರಡಿಕಿ ಆಗಿತ್ತವ್ವ" ಎನ್ನುವರು.

ಆ ಪಟ್ಟಿ ತಿಂಗಳಿಗೊಮ್ಮೆ ಮೇಲಿನವರಿಗೆ ಹೋಗುತ್ತಿತ್ತು. ಕಾಲುವೆಯ ನೀರಿನಲ್ಲಿ ಬೆಳೆಗೆಷ್ಟು, ಗಾಳಿಗೆಷ್ಟು ಎಂದು ಅಲ್ಲಿ ಲೆಕ್ಕ ಕಟ್ಟುವರಂತೆ.

ಸುತ್ತಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದ ವರ್ಷ, ಬೇಸಿಗೆಯಲ್ಲೇ ರಂಜಾನ್ ಬಂತು. ಹಿಂದಿನ ಬೇಸಿಗೆಯಲ್ಲಿ ಹತ್ತು ಹನ್ನೊಂದು ಬೀಳುತ್ತಿದ್ದ ಬೀಜ ಎಂಟಕ್ಕೆ ಇಳಿಯಿತು. ಉಪವಾಸದ ಮುದುಕ, ಎಣಿಕೆ ತಪ್ಪುತ್ತಿದ್ದಾರೆ ಅಂದುಕೊಂಡೆ. ಕೇಳಿದರೆ ನೊಂದುಕೊಂಡಾರು ಎಂದು ಕೇಳಲೂ ಇಲ್ಲ. ನಾನೇ ದಿನಾ ಎರಡು ಕೂಡಿಸಿ ಬರೆದೆ. ಉಪಕಾರ ಎಂದೇ ಮಾಡಿದ್ದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಒಂದು ದಿನ ಮೇಲಿನ ಸಾಹೇಬರು ಬಂದರು. ಮೂರು ದಿನ ಬೆಳಿಗ್ಗೆ ತಾವೇ ಡಬ್ಬಿ ಹಿಡಿದು ನೀರು ಹಾಕಿದರು. ಮೂರು ದಿನವೂ ಎಂಟೇ. ಸುತ್ತ ಗದ್ದೆಯಾದ ಮೇಲೆ ಗಾಳಿಯೇ ಹಸಿಯಾಗಿದೆ, ನೀರು ಆರುವುದು ಕಡಿಮೆಯಾಗಲೇಬೇಕು, ತಾವು ಹುಡುಕುತ್ತಿದ್ದದ್ದೇ ಆ ಇಳಿತ ಎಂದರು. ಮತ್ತೆ ಪಟ್ಟಿಯಲ್ಲಿ ಹತ್ತು ಹೇಗೆ ಬಂತು ಎಂದು ಕೇಳಿದರು. ಚಾಚಾ ನನ್ನ ಕಡೆ ನೋಡಿದರು. ನಾನು ರಿಜಿಸ್ಟರ್ ನೋಡಿದೆ. ನನ್ನ ನೌಕರಿ ಕಾಯಂ ಆಗಲು ಎರಡು ತಿಂಗಳು ಬಾಕಿ ಇತ್ತು.

"ವಯಸ್ಸಾತ್ರಿ ಸಾಹೇಬ್ರ... ನಂದೇ ಎಣಿಕಿ ತಪ್ಯಾದ" ಎಂದರು ಚಾಚಾ.

ನಾಳೆಯಿಂದ ಬರಬೇಡ ಎಂದರು ಸಾಹೇಬರು. ಚಾಚಾ ಆಗಲಿ ಎಂದು, ಸಾಹೇಬರ ಡಬ್ಬಿಗಳಿಗೂ ಎಣಿಸಿ ಜೇಬಿಗಿಟ್ಟಿದ್ದ ಬೀಜಗಳನ್ನು ಎಂದಿನಂತೆ ನನ್ನ ಮೇಜಿನ ಮೇಲಿಟ್ಟರು.

"ಎಂಟ ಅದಾವವ್ವ. ಎಂಟೇ ಬರಿ."

ಬರೆದೆ. ನನಗೇನೂ ಆಗಲಿಲ್ಲ... ನೌಕರಿ ಕಾಯಂ ಆಯಿತು, ಪೆನ್ಷನ್ನೂ ಬಂತು.

ಅವರು ತೀರಿಕೊಂಡ ಸುದ್ದಿಯನ್ನು ಸುರಪುರದ ಬಸ್ಸಿನಲ್ಲಿ ಯಾರೋ ಹೇಳಿದರು. ಹೌದೇನು ಎಂದು ಟಿಕೆಟ್ ತೆಗೆಸಿದೆ. ತಪ್ಪು ನನ್ನದೆಂದು ಅವರ ಮನೆಯವರಿಗಾದರೂ ಹೇಳಬಹುದಿತ್ತು. ಬಸ್ಸು ಅವರ ಊರಿನಲ್ಲಿ ನಿಂತಿತು, ಹೊರಟಿತು. ನಾನು ಇಳಿಯಲಿಲ್ಲ.

ಮೊನ್ನೆ ಸೊಸೆ ಬೀಜದ ತಟ್ಟೆ ಎತ್ತಿಕೊಂಡು ಚೆಲ್ಲಲು ಹೊರಟಳು. ತಡೆದು ಎಂಟನ್ನು ಆರಿಸಿಟ್ಟುಕೊಂಡೆ. ಇವು ಯಾಕೆ ಎಂದಳು.

"ಚಾಚಾನ ಲೆಕ್ಕ ಖರೇನೇ ಇತ್ತು. ನಾ ಸುಳ್ಳ ಬರ್ದಿದ್ದೆ" ಎಂದೆ.

ಯಾವ ಚಾಚಾ ಎಂದು ಅವಳು ಕೇಳಿದಳು.