ಮುದ್ದೆಯಲ್ಲಿಟ್ಟ ಮಾತ್ರೆ

ನಮ್ಮ ಯಜಮಾನರು ಊಟ ಬಿಟ್ಟದ್ದು ಕಾಯಿಲೆಯಿಂದಲ್ಲ. ಸೊಸೆ ಅವರ ಮುದ್ದೆಯೊಳಗೆ ಮಾತ್ರೆ ಬಚ್ಚಿಟ್ಟಳು, ಅದು ಅವರ ಕೈಗೆ ಸಿಕ್ಕಿತು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನೆಂಟರ ಮಾತು.

ವಯಸ್ಸಾದ ಮೇಲೆ ಅವರಿಗೆ ಯಾರೋ ಮಾತಾಡುವುದು ಕೇಳಿಸತೊಡಗಿತು. ಗೋಡೆಯಾಚೆಯಿಂದ ಬೈಯುತ್ತಾರಂತೆ, ಮನೆಯವರೇ ನಿನ್ನ ಊಟಕ್ಕೆ ವಿಷ ಹಾಕುತ್ತಾರೆ ಅನ್ನುತ್ತಾರಂತೆ. ಒಂದು ಔಷಧಿಗೆ ಕೈ ನಡುಗಿತು, ಇನ್ನೊಂದಕ್ಕೆ ಏನೂ ಆಗಲಿಲ್ಲ. ಕೊನೆಗೆ ಡಾಕ್ಟರು, ಬೇರೆ ಯಾವುದೂ ನಾಟದವರಿಗೆ ಕೊಡುವ ಮಾತ್ರೆ ಬರೆದರು. ಅದಕ್ಕೆ ವಾರವಾರ ರಕ್ತ ಪರೀಕ್ಷೆ. ಕೆಸರೆಯ ನಮ್ಮ ಮನೆಯಿಂದ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದೆವು. ಧ್ವನಿಗಳು ತಗ್ಗಿದವು. ಜೊಲ್ಲಿಗೆ ದಿಂಬು ನೆನೆಯುತ್ತಿತ್ತು, ಹಗಲೆಲ್ಲ ತೂಕಡಿಕೆ. ಆದರೂ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುವಷ್ಟು ಮನುಷ್ಯರಾದರು. ಆಮೇಲೆ, ಈ ಮಂಪರು ಸಾಕೆಂದು ಮಾತ್ರೆ ಉಗಿದರು.

ನಾನು ರಕ್ತದ ರಿಪೋರ್ಟ್ ತರಲು ಹೋಗಿದ್ದಾಗ ಸೊಸೆ ಉಪಾಯ ಮಾಡಿದಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ, ಗೊತ್ತಾಗುವುದಿಲ್ಲ ಅಂದುಕೊಂಡಳು. ಆದರೆ ಆ ಮಾತ್ರೆ ಶುರುವಾದ ಮೇಲೆ ಅವರಿಗೆ ನುಂಗುವುದೇ ಕಷ್ಟ. ಚೂರುಚೂರೇ ಮುರಿದು ಬೆರಳಲ್ಲಿ ಹಿಸುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಾನು ಮನೆಯೊಳಗೆ ಕಾಲಿಟ್ಟಾಗ ಮಾತ್ರೆ ಹಿಡಿದು ನಿಂತಿದ್ದರು.

"ನೋಡ್ದೇನೇ? ಗೋಡೆ ಆಚೆಯವ್ರು ಹೇಳಿದ್ದು ನಿಜ ಕಣೆ. ನನ್ ಮುದ್ದೇಗೇ ಇಕ್ಬುಟ್ಟವ್ರೆ."

"ವಿಷ ಅಲ್ಲ ಮಾವ, ನಿಮ್ ಮಾತ್ರೆನೇ," ಎಂದಳು ಸೊಸೆ.

"ಮಾತ್ರೆ ಆದ್ರೆ ಬಚ್ಚಿಟ್ಟಿದ್ಯಾಕವ್ವ?"

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ತಾವೇ ಸುಲಿದ ಬಾಳೆಹಣ್ಣು, ನಲ್ಲಿ ನೀರು, ಅಷ್ಟೆ. ಗೋಡೆಯೊಡನೆ ಜಗಳ ಮತ್ತೆ ಶುರು. ಮಾತ್ರೆ ಹೊಟ್ಟೆಗೆ ಹೋಗಿ ಮೂರು ದಿನವಾಯಿತೆಂದು ಡಾಕ್ಟರಿಗೆ ಫೋನ್ ಮಾಡಿದೆ.

"ಎರಡು ದಿನಕ್ಕಿಂತ ಹೆಚ್ಚು ತಪ್ಪಿದೆ ಅಜ್ಜಿ, ಮೊದಲಿನಷ್ಟು ಕೊಡಲೇಬೇಡಿ. ಸ್ವಲ್ಪಸ್ವಲ್ಪದಿಂದ ಮತ್ತೆ ಶುರು ಮಾಡ್ಬೇಕು. ನಾಳೆನೇ ಕರ್ಕೊಂಡು ಬನ್ನಿ."

ನಮ್ಮ ಕೈಯ ನೀರನ್ನೂ ಮುಟ್ಟದ ಮನುಷ್ಯ ನಮ್ಮ ಜೊತೆ ಆಟೋ ಹತ್ತುತ್ತಾರೆಯೇ? ಸೊಸೆ ಅಳುತ್ತಾ ಕೂತಳು.

"ಅತ್ರೆ ಏನ್ ಬಂತು? ನಮ್ ಕೈ ಮುದ್ದೆ ನಂಬಿದ್ರೆ ತಾನೇ ಆಟೋ ಹತ್ತೋದು. ಹಿಟ್ಟಿನ್ ಡಬ್ಬ ಎಲ್ಲಿಟ್ಟಿದ್ದೀಯ ಹೇಳು," ಎಂದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸ್ಟೌ ಎದುರಿಗೇ ಕುರ್ಚಿ ಹಾಕಿ ಅವರನ್ನು ಕೂರಿಸಿದೆ. ಅವರೇ ಹಿಡಿದುಕೊಟ್ಟ ನೀರನ್ನು ಎಸರಿಗಿಟ್ಟೆ. ಅವರ ಕಣ್ಣೆದುರೇ ಹಿಟ್ಟು ಹಾಕಿ, ತೊಳಸಿ, ಮುದ್ದೆ ಕಟ್ಟಿ ತಟ್ಟೆಗಿಟ್ಟೆ. ಅದರಲ್ಲೇ ಒಂದು ತುಂಡು ಮುರಿದು ನುಂಗಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ತಟ್ಟೆ ಅವರ ಕಡೆ ಸರಿಸಿದೆ. ಮುಟ್ಟಲಿಲ್ಲ. ಇನ್ನೊಂದು ತುಂಡು ಮುರಿದುಕೊಂಡೆ.